ಹೊಳೆ ಹಾಡಿನ ಸೀರೆ

ಆ ಹಾಡನ್ನು ನೀವು ಕೇಳಿಯೇ ಇರುತ್ತೀರಿ. ಸಿನಿಮಾದ ಹೆಸರು ಮರೆತಿರಬಹುದು, ಹಾಡಿದವರು ಯಾರೆಂದರೆ ತಲೆ ಕೆರೆದುಕೊಳ್ಳಬಹುದು. ಆದರೂ ಮದುವೆಮನೆಯಲ್ಲಿ ಅದು ಶುರುವಾದರೆ ಎಲೆಯ ಮುಂದೆ ಕೂತವರ ಕೈ ಒಂದು ಗಳಿಗೆ ನಿಂತು ಆಮೇಲೆ ಅನ್ನಕ್ಕೆ ಹೋಗುತ್ತದೆ. ಹೊಳೆಯ ಈ ದಡದಲ್ಲಿ ಗಂಡು, ಆ ದಡದಲ್ಲಿ ಹೆಣ್ಣು. ಅವನು ಬಾ ಅನ್ನುತ್ತಾನೆ, ಅವಳು ಒಂದೊಂದೇ ನೆಪ ಹೇಳುತ್ತಾಳೆ. ಕಥೆ ಇಷ್ಟೇ. ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯಲ್ಲಿ ಅದಕ್ಕೆ ಹೊಳೆ ಹಾಡು ಎಂದೇ ಹೆಸರು. ನಮ್ಮ ಸೀಮೆಯ ಹೊಳೆಯಲ್ಲಿ ದೋಣಿ ತೇಲುವಷ್ಟು ನೀರನ್ನು ನಾನಂತೂ ಕಂಡವಳಲ್ಲ, ಆದರೂ ಆ ಹಾಡು ನಮ್ಮದೇ ಎಂದು ಜಗಳ ಕಾಯಲು ಈಗಲೂ ತಯಾರಿದ್ದೇನೆ. ಇಷ್ಟು ವರ್ಷವಾದರೂ ಅದು ಯಾಕೆ ಹಳತಾಗಲಿಲ್ಲ ಎಂದು ತಿಳಿದವರು ಆಗಾಗ ಬರೆಯುತ್ತಾರೆ. ರಾಗ ಅನ್ನುತ್ತಾರೆ, ಸಾಹಿತ್ಯ ಅನ್ನುತ್ತಾರೆ. ಅನ್ನಲಿ ಬಿಡಿ. ನನಗೆ ಗೊತ್ತಿರುವುದು ಒಂದೇ. ಅವನು ಕರೆದ ಮೇಲೆ, ಅವಳು ಉತ್ತರ ಕೊಡುವ ಮುಂಚೆ, ಆ ಹಾಡಿನಲ್ಲಿ ವಾದ್ಯಗಳೆಲ್ಲ ತಗ್ಗಿ ಒಂದು ಬಿಡುವು ಬರುತ್ತದೆ. ನಾನು ಬೆಳೆದದ್ದು ಆ ಬಿಡುವಿನಲ್ಲಿ.

ಅಪ್ಪ ಅವ್ವ ಮದುವೆಯಾದ ಹೊಸದರಲ್ಲಿ ಊರ ಹೊರಗಿನ ಟೆಂಟಿನಲ್ಲಿ ಆ ಸಿನಿಮಾ ನೋಡಿದ್ದರಂತೆ. ನಮ್ಮೂರಿಗೆ ಬರುವ ಹೊತ್ತಿಗೆ ರೀಲು ಸವೆದು, ಅಲ್ಲಲ್ಲಿ ಕತ್ತರಿಸಿ ಅಂಟಿಸಿ, ಹಾಡಿನಲ್ಲಿ ಎರಡೇ ಚರಣ ಉಳಿದಿದ್ದವು. ಮದುವೆಗಳಲ್ಲಿ ಮೈಕ್‌ಸೆಟ್‌ನವನು ಹಾಕುತ್ತಿದ್ದ ಗ್ರಾಮಫೋನ್ ತಟ್ಟೆಯಲ್ಲೂ ಅಷ್ಟೇ. ಉಳಿದ ಹಾಡು ತಟ್ಟೆಯ ಹಿಂಬದಿಯಲ್ಲಿತ್ತು, ಅದನ್ನು ಮಗುಚಿ ಹಾಕುವ ವ್ಯವಧಾನ ಅವನಿಗೆಲ್ಲಿ. ರೇಡಿಯೋದವರೂ ಎರಡು ಚರಣಕ್ಕೇ ಮುಗಿಸಿ ಪೇಟೆ ಧಾರಣೆ ಓದಲು ಶುರು ಮಾಡುತ್ತಿದ್ದರು. ಹೀಗಾಗಿ ನಮ್ಮ ಬೀದಿಗೆಲ್ಲ ಹೊಳೆ ಹಾಡು ಅಂದರೆ ಎರಡು ಚರಣ. ಅವನು ಕರೆದ, ಅವಳು ಬರಲಿಲ್ಲ, ಅಲ್ಲಿಗೆ ಮುಗಿಯಿತು. ಅದಕ್ಕೂ ಮುಂದೆ ಏನಾದರೂ ಇದ್ದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ.

ನಮ್ಮ ಮನೆ ಅಂದರೆ ಮಗ್ಗ. ಬೀದಿ ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆ ತುಂಬ ಅದೇ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಅಪ್ಪನ ಕಾಲು. ಬಲಗಡೆ ಮಣೆಯ ಮೇಲೆ ಅವ್ವ. ಗೋಡೆಗೆ ಒತ್ತಿಕೊಂಡು ಒಂದಾಳು ಅಡ್ಡಡ್ಡ ಸರಿದು ಹೋಗುವಷ್ಟು ದಾರಿ, ಅದರಾಚೆ ಅಡುಗೆಮನೆ, ಅದರಾಚೆ ಬಚ್ಚಲು. ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ರೇಡಿಯೋ. ನಾವು ಉಂಡದ್ದು, ಮಲಗಿದ್ದು, ಜಡೆ ಹೆಣೆಸಿಕೊಂಡದ್ದು ಎಲ್ಲ ಮಗ್ಗದ ಸುತ್ತಲೇ. ನೆಂಟರು ಬಂದರೆ ಅದರ ಎಡಬಲಕ್ಕೆ ಕೂತು, ಅದರ ಮೇಲಿಂದ ಕತ್ತು ಎತ್ತಿ ಮಾತಾಡಬೇಕಿತ್ತು. ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣವಾದರೆ ಒಬ್ಬರಿಂದ ಆಗುವ ಕೆಲಸವಲ್ಲ. ಒಡಲಿನ ಲಾಳಿ ಅಪ್ಪನದು, ಅಂಚಿನ ಲಾಳಿ ಅವ್ವನದು. ಅವನು ಎಸೆದದ್ದಕ್ಕೆ ಇವಳ ಎಳೆ ಕೊಂಡಿ ಹಾಕಿಕೊಳ್ಳಬೇಕು, ಆಗಲೇ ಅಂಚು ಒಡಲಿಗೆ ಅಂಟುವುದು. ಅಪ್ಪ ಲಾಳಿ ಎಸೆಯುತ್ತ ಗಂಡಿನ ಸಾಲು ಹಾಡುತ್ತಿದ್ದ, ಬಿಡುವು ಬಂದಾಗ ಎಳೆ ಒತ್ತಿ ಕೂರಿಸಲು ಮಗ್ಗದ ಹಲಗೆ ಬಡಿಯುತ್ತಿದ್ದ, ಅವ್ವ ತನ್ನ ಲಾಳಿ ಎಸೆಯುತ್ತ ಹೆಣ್ಣಿನ ಸಾಲು ಹಾಡುತ್ತಿದ್ದಳು. ರೇಡಿಯೋದಲ್ಲಿ ಬರಲಿ ಬಿಡಲಿ, ದಿನವಿಡೀ ನಮ್ಮ ಮನೆಯಲ್ಲಿ ಅದೇ ಹಾಡು.

ಅದರಿಂದ ಇನ್ನೊಂದು ಉಪಯೋಗವೂ ಇತ್ತು. ಒಂದು ಸಾಲು ನವಿಲು ನೇಯ್ದ ಮೇಲೆ ಮುಂದಿನ ಸಾಲಿನವರೆಗೆ ಬರೀ ಒಡಲು ನೇಯಬೇಕು. ಆ ಬಯಲು ಎಲ್ಲ ಕಡೆ ಒಂದೇ ಸಮ ಇರಬೇಕು. ಬೀದಿಯ ಬೇರೆ ಮನೆಗಳಲ್ಲಿ ಅದಕ್ಕೆ ಬಿದಿರಿನ ಅಳತೆ ಕಡ್ಡಿ ಇಡುತ್ತಿದ್ದರು. ನಮ್ಮ ಮನೆಯಲ್ಲಿ ಹೊಳೆ ಹಾಡೇ ಕಡ್ಡಿ. ಪಲ್ಲವಿಯಿಂದ ಎರಡನೇ ಚರಣದ ಕೊನೆಯವರೆಗೆ ಇಬ್ಬರೂ ಒಮ್ಮೆ ಹಾಡಿದರೆ ಸರಿಯಾಗಿ ನಾಲ್ಕು ಬೆರಳು. ಹಾಡು ಮುಗಿದ ಕೂಡಲೇ ಅಪ್ಪ ಕಣ್ಣು ಮುಚ್ಚಿಕೊಂಡು ನವಿಲು ಶುರು ಮಾಡಬಲ್ಲವನಾಗಿದ್ದ. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು.

"ಕಡ್ಡಿ ಇಡೋರು ಇನ್ನೂ ಕಲೀತಿರೋರು ಕಣಮ್ಮ," ಎಂದು ನನಗೆ ಹೇಳುತ್ತಿದ್ದ.

ತಾತನ ಕಾಲದ ಕಡ್ಡಿ ಮನೆಯಲ್ಲೇ ಇತ್ತು. ಅಜ್ಜಿ, ಅಂದರೆ ಅಪ್ಪನ ತಾಯಿ, ಅದರಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಆಂಧ್ರದ ಗಡಿಯಾಚೆಯಿಂದ ಸೊಸೆಯಾಗಿ ಬಂದವಳು ಅಜ್ಜಿ. ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೆ ಕನ್ನಡ, ಹಸಿವಾದರೆ ಎರಡೂ.

ಆ ವರ್ಷ ಯುಗಾದಿಯ ಮಾರನೆಯ ದಿನ ಅವ್ವನ ಅಣ್ಣಂದಿರು ಹೆಂಡಿರು ಮಕ್ಕಳ ಸಮೇತ ತಳಕಿನಿಂದ ಬಂದರು. ಅವ್ವನಿಗೆ ತವರಿನವರು ಬಂದರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಶೇಂಗಾ ಚಟ್ನಿ ಎಂದು ಬಡಿಸಿದ್ದೇ ಬಡಿಸಿದ್ದು. ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಎಲ್ಲ ಮಗ್ಗದ ಸುತ್ತ ಕೂತಾಗ ಅವ್ವನ ದೊಡ್ಡತ್ತಿಗೆ, "ಸಾವಿತ್ರಿ, ಆ ಹೊಳೆ ಹಾಡು ಹೇಳೇ, ಕೇಳಿ ಎಷ್ಟು ದಿನ ಆತು," ಅಂದಳು. ಅವ್ವ ಸೆರಗು ಸರಿಮಾಡಿಕೊಂಡು, ಅಣ್ಣಂದಿರ ಮುಖ ನೋಡಿ, ಸಣ್ಣಗೆ ಶುರು ಮಾಡಿದಳು. ಅವಳ ದನಿ ತೆಳುವಲ್ಲ, ಸ್ವಲ್ಪ ಒರಟು, ತುಂಬಿದ ಕೊಡದೊಳಗಿಂದ ಬಂದಂತೆ. ಅಪ್ಪ ಗಂಡಿನ ಸಾಲು ಹಾಡುವುದರ ಬದಲು ಬಾಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಗೆ ಒತ್ತಿಕೊಂಡು ನಗಿಸಲು ಹೊರಟ.

"ರೇಡಿಯೋದಾಗೆ ಕೋಗಿಲೆ, ನಮ್ಮನೇಲಿ ಎಮ್ಮೆ," ಅಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಅಣ್ಣಂದಿರೂ ನಕ್ಕರು. ಅವ್ವನೂ ನಕ್ಕಳು, ನಕ್ಕು ಎದ್ದಳು, ನೀರಿನ ಚೊಂಬು ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನದಿಂದ ಅವಳು ಹಾಡಲಿಲ್ಲ. ಅಪ್ಪನೊಂದಿಗೆ ಮಾತೂ ಆಡಲಿಲ್ಲ. ಕೆಲಸ ಮಾತ್ರ ಒಂದೆಳೆಯೂ ತಪ್ಪಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು ಮಣೆಯ ಮೇಲೆ ಕೂರುತ್ತಿದ್ದಳು, ಲಾಳಿ ಎಸೆಯುತ್ತಿದ್ದಳು, ಏಳುತ್ತಿದ್ದಳು. ಊಟಕ್ಕೆ ಕೂತಾಗ ಅವರಿಬ್ಬರ ನಡುವೆ ನಾನು ಅಂಚೆಯವಳು.

"ಮುದ್ದೆ ಇನ್ನೊಂದು ಬೇಕಾ ಕೇಳೇ ನಿಮ್ಮಪ್ಪನ್ನ."

"ಸಾಕು ಅಂತ ಹೇಳಮ್ಮ ನಿಮ್ಮವ್ವಂಗೆ."

ಇಬ್ಬರ ನಡುವೆ ಇದ್ದದ್ದು ಒಂದು ತಟ್ಟೆಯಷ್ಟು ದೂರ. ಅಜ್ಜಿಗೆ ಇದನ್ನು ನೋಡಿ ನೋಡಿ ರೋಸಿ ಹೋಯಿತು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಅವ್ವನನ್ನು ಹಿಡಿದುಕೊಂಡಳು.

"ಏಮ್ಮಾ, ಗಂಡ ಅಂದ ಮ್ಯಾಲೆ ಒಂದು ಮಾತು ಅಂತಾನೆ. ಬಿಟ್ಟಾಕು."

"ಒಳಗೆ ಕರ್ದು ಹತ್ತು ಮಾತು ಅಂದಿದ್ರೂ ನುಂಗ್ತಿದ್ದೆ ಅತ್ತೆ," ಅಂದಳು ಅವ್ವ. "ನಾಕು ಜನದ ಮುಂದೆ ಅಂದವ್ರೆ. ನಾಕು ಜನದ ಮುಂದೇನೇ ವಾಪಸ್ ತಗಬೇಕು. ಅಲ್ಲೀಗಂಟ ಈ ಬಾಯಾಗೆ ಹಾಡು ಬರಂಗಿಲ್ಲ."

ಮೆಲ್ಲಗೆ ಹೇಳಿದಳು, ಅಷ್ಟೇ ಗಟ್ಟಿಯಾಗಿ ಹೇಳಿದಳು. ನನಗೆ ಆಗ ಹನ್ನೆರಡೋ ಹದಿಮೂರೋ. ಅವ್ವ ಇನ್ನು ಎಂದೆಂದಿಗೂ ಹಾಡುವುದಿಲ್ಲವೇನೋ ಎಂಬ ಭಯ ಆ ಮಧ್ಯಾಹ್ನ ಹಿಡಿದದ್ದು ಬಹಳ ದಿನ ಬಿಡಲಿಲ್ಲ. ಮನೆಯಲ್ಲಿ ಮಗ್ಗದ ಸದ್ದು ಇತ್ತು, ಆದರೂ ಮನೆ ಬಿಕೋ ಅನ್ನುತ್ತಿತ್ತು.

ಮಗ್ಗದ ಮೇಲೆ ಆಗ ಇದ್ದದ್ದು ಮದುಮಗಳ ಸೀರೆ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿನ ಮನೆಯ ಗಿರಿಜಕ್ಕನ ಧಾರೆಗೆಂದು ಹೇಳಿ ನೇಯಿಸುತ್ತಿದ್ದರು. ಬದನೆಕಾಯಿ ಬಣ್ಣದ ಒಡಲು, ಅರಿಶಿನ ಬಣ್ಣದ ಅಂಚು, ಒಡಲ ತುಂಬ ನವಿಲಿನ ಸಾಲು. ಅಪ್ಪ ಒಬ್ಬನೇ ಹಾಡಿಕೊಂಡು ನೇಯಲು ನೋಡಿದ. ಗಂಡಿನ ಸಾಲು ಸರಾಗವಾಗಿ ಬರುತ್ತಿತ್ತು. ಬಿಡುವು ಬಂದಾಗ ಪಕ್ಕದಿಂದ ಉತ್ತರ ಬರುತ್ತಿರಲಿಲ್ಲ. ಆ ಮೌನ ಅವನಿಗೆ ತಡೆಯಲಾಗುತ್ತಿರಲಿಲ್ಲ ಎಂದು ಈಗ ನನಗೆ ಅರ್ಥವಾಗುತ್ತದೆ. ಬಿಡುವನ್ನು ಹಾರಿಸಿ, ಹೆಣ್ಣಿನ ಸಾಲನ್ನು ಬಾಯಿಯೊಳಗೇ ಗೊಣಗಿ, ಗಡಬಡಿಸಿ ಮುಂದಕ್ಕೆ ಓಡುತ್ತಿದ್ದ. ಹಾಡು ಬೇಗ ಮುಗಿಯುತ್ತಿತ್ತು, ನವಿಲು ಬೇಗ ಬರುತ್ತಿತ್ತು. ನೇಯ್ದ ಬಟ್ಟೆ ಮುಂದಿನ ದಿಂಡಿಗೆ ಸುತ್ತಿಕೊಂಡು ಹೋಗುವುದರಿಂದ ಹಿಂದಿನ ಸಾಲು ಹೇಗೆ ಬಂದಿದೆ ಎಂದು ಅವನು ತಿರುಗಿ ನೋಡಲಿಲ್ಲ.

ಆಮೇಲೆ ಒಂದು ದಿನ ಚಳ್ಳಕೆರೆ ಬಸ್ಸಿಗೆ ಹೋದವನು ಸಂಜೆ ಬಗಲಲ್ಲಿ ಟೇಪ್ ರೆಕಾರ್ಡರ್ ಅಪ್ಪಿಕೊಂಡು ಇಳಿದ. ನಮ್ಮಪ್ಪನ ಬುದ್ಧಿ ನೋಡಿ. ಎರಡು ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ಮೂವತ್ತು ಮೈಲಿ ಹೋಗಿ ಮಿಷನ್ನು ತಂದಿದ್ದ. ರೇಡಿಯೋ ಪಕ್ಕ ಇಟ್ಟು ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ಹೊಳೆ ಹಾಡು ಬಂತು. ಕೋಗಿಲೆಯೂ ಬಂತು. ಅಪ್ಪನ ಮುಖ ಅರಳಿತು. ಅವ್ವ ತಲೆ ಎತ್ತದೆ ಲಾಳಿ ಎಸೆದಳು. ಎರಡನೇ ಚರಣ ಮುಗಿಯಿತು, ಹಾಡು ಮಾತ್ರ ನಿಲ್ಲಲಿಲ್ಲ. ಉದ್ದಕ್ಕೆ ಕೊಳಲು ಬಂತು, ಪಿಟೀಲು ಬಂತು, ನಾವು ಯಾರೂ ಕೇಳಿರದ ಮೂರನೇ ಚರಣ ಶುರುವಾಯಿತು. ಅದರಲ್ಲಿ ಗಂಡು ಕರೆಯುವುದನ್ನು ಬಿಡುತ್ತಾನೆ. ತಾನೇ ನೀರಿಗಿಳಿದು, ಈ ದಡ ಬಿಟ್ಟು, ಅವಳಿರುವ ಕಡೆಗೆ ಹೊರಡುತ್ತಾನೆ. ಅಜ್ಜಿ ಬೆನ್ನು ಕೆರೆಯುತ್ತಿದ್ದ ಕಡ್ಡಿಯನ್ನು ಹಾಗೇ ಹಿಡಿದು ಕೂತಳು.

"ಇದು ಬ್ಯಾರೆ ಹಾಡು ಕಣೋ. ಆ ಹಾಡಿನಾಗೆ ಅವ್ನು ಎಲ್ಲಿಗೂ ಹೋಗಂಗಿಲ್ಲ," ಅಂದಳು.

"ಅದೇ ಹಾಡಮ್ಮ. ಪೂರ್ತಿ ಐತೆ ಇದ್ರಾಗೆ," ಅಂದ ಅಪ್ಪ.

ಆ ಚರಣಕ್ಕೆ ಅಪ್ಪ ಮರುಳಾಗಿ ಹೋದ. ರಿವೈಂಡ್ ಮಾಡುವ ಕೆಲಸ ನನ್ನದು. ಹಾಡು ಮುಗಿಯುವವರೆಗೆ ಒಡಲು, ಮುಗಿದ ಮೇಲೆ ನವಿಲು, ಇದು ಅವನ ಕೈಗೆ ರೂಢಿಯಾಗಿದ್ದ ಕ್ರಮ. ಹಾಡು ಉದ್ದವಾದರೆ ಬಯಲೂ ಉದ್ದವಾಗುತ್ತದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಅವ್ವನಿಗೆ ಹೊಳೆದಿತ್ತು. ಮೊದಲ ದಿನವೇ ನವಿಲು ದೂರ ಹೋದದ್ದನ್ನು ಅವಳು ನೋಡಿದ್ದಳು. ಆದರೆ ಹೇಳಬೇಕೆಂದರೆ ಮಾತಾಡಬೇಕು, ಮಾತಾಡುವುದಿಲ್ಲವೆಂದು ಕೂತಿದ್ದಳಲ್ಲ.

"ನಂಗೂ ಒಳಗೇ ಸಂಕಟ ಆಗ್ತಿತ್ತು ಕಣೇ," ಎಂದು ಎಷ್ಟೋ ವರ್ಷದ ಮೇಲೆ ನನ್ನ ಹತ್ತಿರ ನಕ್ಕಳು. "ಎಂಥಾ ರೇಷ್ಮೆ. ಆದ್ರೂ ಬಾಯಿ ಬಿಡ್ಲಿಲ್ಲ ನೋಡು."

ಸೆರಗೊಂದೇ ಬಾಕಿ ಎನ್ನುವಾಗ ಗಿರಿಜಕ್ಕ ಸೀರೆ ನೋಡಲು ಸೋದರತ್ತೆಯ ಜೊತೆ ಬಂದಳು. ಬೀದಿಯ ನಾಲ್ಕಾರು ಹೆಂಗಸರೂ ಮದುಮಗಳನ್ನು ನೋಡಲು ಬಾಗಿಲಲ್ಲಿ ಸೇರಿದರು. ಅಪ್ಪ ಉಮೇದಿನಿಂದ ದಿಂಡು ಬಿಚ್ಚಿ ಸೀರೆಯನ್ನು ಚಾಪೆಯ ಮೇಲೆ ಹರಡಿದ. ಮೊದಲಿನ ಸಾಲುಗಳು ಸರಿಯಾಗಿದ್ದವು. ಆಮೇಲಿನ ನವಿಲುಗಳು ಒಂದರ ಬಾಲ ಇನ್ನೊಂದರ ಕೊಕ್ಕಿಗೆ ತಾಗುವಷ್ಟು ಒತ್ತೊತ್ತಾಗಿ ನಿಂತಿದ್ದವು. ಅಲ್ಲಿಂದ ಮುಂದೆ ದೂರ ದೂರ. ಯುಗಾದಿಯಿಂದ ಆವತ್ತಿನವರೆಗಿನ ನಮ್ಮ ಮನೆಯ ಪುರಾಣವೆಲ್ಲ ಚಾಪೆಯ ಮೇಲೆ ಬಿದ್ದಿತ್ತು. ಸೋದರತ್ತೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು.

"ಇದೇನ್ರಿ, ಇಲ್ಲಿ ಸಂತೆ, ಅಲ್ಲಿ ಬಯಲು?"

ಅಪ್ಪ ಚಾಪೆಯ ಮೇಲೆ ಮಂಡಿಯೂರಿದ. ಬಗ್ಗಿ ಬೆರಳಿಟ್ಟು ಅಳೆದ, ಮತ್ತೆ ಅಳೆದ. ಅಜ್ಜಿ ಬೆನ್ನು ಕೆರೆಯುವ ಕಡ್ಡಿಯನ್ನು ಅವನ ಕಡೆ ಚಾಚಿದಳು. ಅದನ್ನು ನೋಡಿ ನನಗೆ ನಗುವೂ ಬಂತು, ಅಳುವೂ ಬಂತು. ಸೋದರತ್ತೆ ಕೆಟ್ಟವಳೇನಲ್ಲ, ಅಪ್ಪನ ಮರ್ಯಾದೆ ಉಳಿಸಲೆಂದೇ ಒಂದು ದಾರಿ ತೋರಿಸಿದಳು.

"ಪಕ್ಕದಾಗೆ ಕೂತೋರು ಲಾಳಿ ಸರಿಯಾಗಿ ಎಸ್ದಿಲ್ಲ ಅಂತ ಕಾಣ್ತದೆ. ಹೆಂಗಸ್ರು, ಒಲೆ ಮ್ಯಾಲೆ ಒಂದು ಕಣ್ಣು, ಇಲ್ಲಿ ಒಂದು ಕಣ್ಣು."

ಅವ್ವ ಟೀ ಲೋಟಗಳ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳು ಅಪ್ಪನನ್ನು ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಹೌದು ಅಂದುಬಿಟ್ಟರೆ ಅಪ್ಪನ ಹೆಸರು ಉಳಿಯುತ್ತಿತ್ತು. ಬೀದಿಯವರೂ ನಂಬುತ್ತಿದ್ದರು. ಅವ್ವ ಮಾತ್ರ ಆಮೇಲೆ ಹಾಡುತ್ತಿರಲಿಲ್ಲ, ಆ ವಿಷಯದಲ್ಲಿ ನನಗೆ ಅವತ್ತೂ ಅನುಮಾನವಿರಲಿಲ್ಲ, ಈವತ್ತೂ ಇಲ್ಲ. ಅಪ್ಪ ಚಾಪೆಯ ಮೇಲಿಂದ ಏಳಲಿಲ್ಲ. ಮಂಡಿಯೂರಿದ್ದವನು ಹಾಗೇ ತಲೆ ಎತ್ತಿದ.

"ಇಲ್ಲ ತಾಯಿ. ಆಕೆ ಕೈ ತಪ್ಪಿಲ್ಲ. ನನ್ನ ಬಾಯಿ ತಪ್ಪಿದ್ದು," ಅಂದ.

ಆಮೇಲೆ ಎಲ್ಲ ಹೇಳಿದ. ಕಡ್ಡಿ ಇಡದೆ ಹಾಡಿಕೊಂಡು ನೇಯುವುದು, ಹೆಂಡತಿ ಹಾಡಿದರೆ ಅಳತೆ ತಪ್ಪದಿರುವುದು, ತವರಿನವರ ಮುಂದೆ ತಾನು ಅವಳನ್ನು ಎಮ್ಮೆ ಅಂದದ್ದು, ಯಾವುದನ್ನೂ ಮುಚ್ಚಲಿಲ್ಲ.

"ಈ ಮಿಷನ್ನಿನಾಗೆ ಕೋಗಿಲೆ ಐತೆ. ಆದ್ರೆ ಆ ದನಿಗೆ ನನ್ನ ಕೈ ಕೂರಂಗಿಲ್ಲ. ನಂದು ತಪ್ಪಾತು."

ಬಾಗಿಲಲ್ಲಿದ್ದ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು. ಗಂಡಸೊಬ್ಬ ಹೆಂಡತಿಯ ವಿಷಯಕ್ಕೆ ಬೀದಿಯ ಎದುರು ತಪ್ಪಾಯಿತು ಅಂದದ್ದನ್ನು ಅವರು ಅದುವರೆಗೆ ಕೇಳಿರಲಾರರು. ಅವ್ವ ನಿಧಾನಕ್ಕೆ ಬಂದು ತಟ್ಟೆಯನ್ನು ಕೆಳಗಿಟ್ಟಳು. ಮೊದಲ ಲೋಟ ಸೋದರತ್ತೆಗೆ, ಎರಡನೆಯದು ಗಿರಿಜಕ್ಕನಿಗೆ. ಮೂರನೆಯದನ್ನು ನನ್ನ ಕೈಗೆ ಕೊಡದೆ ತಾನೇ ಅಪ್ಪನ ಮುಂದೆ ಹಿಡಿದಳು.

"ಆರ್ತದೆ, ಕುಡೀರಿ," ಅಂದಳು.

ಸೀರೆಯನ್ನು ಅವರು ಒಯ್ಯಲಿಲ್ಲ. ಗಂಡ ಹೆಂಡಿರ ಜಗಳ ನೇಯ್ದ ಸೀರೆ ಧಾರೆಗೆ ಬೇಡ ಅಂದಳು ಸೋದರತ್ತೆ, ಅದು ನ್ಯಾಯವೇ. ಗಿರಿಜಕ್ಕ ಮಾತ್ರ ಹೊರಡುವಾಗ ಅವ್ವನ ಕೈ ಹಿಡಿದುಕೊಂಡು, "ಮದ್ವಿ ಶ್ರಾವಣದಾಗೆ ಐತೆ ಅಕ್ಕಾ. ಇನ್ನೊಂದು ನೇಯ್ದು ಕೊಡ್ರಿ. ನೀವು ಹಾಡ್ಕೊಂತ ನೇಯ್ಬೇಕು," ಅಂದಳು. ಆ ಹುಡುಗಿ ಹಾಗೆ ಕೇಳಿದ್ದಕ್ಕೆ ನಾನು ಅವಳಿಗೆ ಇಂದಿಗೂ ಋಣಿ. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಎದುರಾದರೆ, ಅಜ್ಜಿಯಾಗಿ ಹೋಗಿದ್ದರೂ ಅವಳನ್ನು ಗಿರಿಜಕ್ಕಾ ಎಂದೇ ಕೂಗುತ್ತೇನೆ.

ಆ ಸಂಜೆಯೂ ಅವ್ವ ಹಾಡಲಿಲ್ಲ. ನನಗೆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಉಳಿದ ಸೆರಗು ಮುಗಿಸಿಬಿಡೋಣ ಎಂದು ಇಬ್ಬರೂ ಮಗ್ಗಕ್ಕೆ ಕೂತರು. ಅಪ್ಪ ಟೇಪ್ ರೆಕಾರ್ಡರ್ ಮುಟ್ಟಲಿಲ್ಲ. ಲಾಳಿ ಎಸೆದು ಗಂಡಿನ ಸಾಲು ಹಾಡಿದ. ಬಿಡುವು ಬಂತು. ಅಪ್ಪ ಹಲಗೆ ಬಡಿಯಲಿಲ್ಲ, ಮುಂದಿನ ಸಾಲಿಗೂ ಓಡಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕಾದ. ಒಲೆಯ ಮೇಲೆ ಮಂಡಕ್ಕಿಯ ಒಗ್ಗರಣೆ ಚಟಪಟ ಅಂದು ಸುಮ್ಮನಾಯಿತು. ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಅಷ್ಟು ಉದ್ದದ ಬಿಡುವನ್ನು ಯಾವ ರೇಡಿಯೋದಲ್ಲೂ ನಾನು ಕೇಳಿಲ್ಲ. ಕೊನೆಗೆ ಬಲಗಡೆಯ ಮಣೆಯಿಂದ ಲಾಳಿ ಹೊರಟಿತು, ಅದರ ಹಿಂದೆಯೇ ಒರಟಾಗಿ, ತುಂಬಿದ ಕೊಡದೊಳಗಿಂದ, ಹೆಣ್ಣಿನ ಸಾಲು ಬಂತು. ನಾನು ಬಚ್ಚಲಿಗೆ ಓಡಿಹೋಗಿ ಜೋರಾಗಿ ಅತ್ತೆ. ಸಂತೋಷಕ್ಕೂ ಅಳಬಹುದು ಎಂದು ಅವತ್ತು ತಿಳಿಯಿತು.

ಆ ಸೀರೆ ಅವ್ವನದಾಯಿತು. ಊರೂರಿನ ಮದುಮಕ್ಕಳಿಗೆ ನೇಯ್ದು ಕೊಟ್ಟ ಕೈಗಳಿಗೆ ತಮ್ಮ ಮಗ್ಗದ ಸೀರೆ ಉಡುವ ರೂಢಿ ಇರಲಿಲ್ಲ. ಅವ್ವನ ಮೊದಲ ಮೊಳಕಾಲ್ಮೂರು ಸೀರೆ ಹೀಗೆ ಜಗಳದಿಂದ ಬಂತು. ಮುಂದಿನ ಹಬ್ಬಕ್ಕೆ ಅಪ್ಪ ಅವಳಿಗೆ ಅದನ್ನು ಉಡಿಸಿ ತಾನೇ ತಳಕಿಗೆ ಕರೆದುಕೊಂಡು ಹೋದ. ಅಣ್ಣಂದಿರು ನವಿಲಿನ ವಿಷಯ ಕೇಳಿದಾಗ ಅಲ್ಲೂ ಇದೇ ಕಥೆಯನ್ನು ಒಂದು ಮಾತು ಬಿಡದೆ ಹೇಳಿದ. ಆಮೇಲೆ ಇಬ್ಬರೂ ಮೂರು ಚರಣ ಹಾಡಿದರು. ಗಿರಿಜಕ್ಕನ ಎರಡನೇ ಸೀರೆಯ ಹೊತ್ತಿಗೆ ಎರಡು ಚರಣ ಅಳತೆಗೆ, ಮೂರನೆಯದು ನವಿಲು ನೇಯುವಾಗ ಬರೀ ಖುಷಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅಪ್ಪ ಈಗಿಲ್ಲ. ಅವ್ವ ಚಳ್ಳಕೆರೆಯಲ್ಲಿ ನನ್ನ ಜೊತೆಗಿದ್ದಾಳೆ. ಹೊಳೆ ಹಾಡು ಟೆಂಟು, ತಟ್ಟೆ, ರೇಡಿಯೋ, ಕ್ಯಾಸೆಟ್ ಎಲ್ಲವನ್ನೂ ದಾಟಿಕೊಂಡು ನನ್ನ ಮೊಮ್ಮಗಳ ಮೊಬೈಲಿಗೆ ಬಂದು ಕೂತಿದೆ. ಮೊನ್ನೆ ಹಬ್ಬಕ್ಕೆ ಅವ್ವ ಆ ಸೀರೆ ಉಟ್ಟು ಕೂತಿದ್ದಾಗ ಹುಡುಗಿ ಅವಳಿಗೆಂದೇ ಹಾಡು ಹಾಕಿದಳು. ಹಿಂದೆ ಢಮಢಮ ಸೇರಿಸಿ, ಓಟ ಹೆಚ್ಚಿಸಿದ ಹೊಸ ರೂಪ. ಅವ್ವ ತಲೆ ಆಡಿಸುತ್ತ ಕೇಳಿದಳು, ಗಂಡಿನ ಸಾಲು ಮುಗಿದ ಕೂಡಲೇ ಅವಳ ಬಲಗೈ ಲಾಳಿ ಎಸೆಯುವಂತೆ ತಾನಾಗಿ ತೊಡೆಯಿಂದ ಮೇಲೆದ್ದಿತು, ಅಷ್ಟರಲ್ಲಿ ಹೆಣ್ಣಿನ ಸಾಲು ಬಂದು ಹೋಗಿಯೇ ಬಿಟ್ಟಿತ್ತು.

"ಇವ್ನು ಕಾಯೋದೇ ಇಲ್ಲವಲ್ಲೇ," ಅಂದಳು ಅವ್ವ.

"ಎಷ್ಟು ಕಾಯ್ಬೇಕಿತ್ತು ದೊಡ್ಡಜ್ಜಿ?" ಎಂದು ಹುಡುಗಿ ನಕ್ಕಳು.

ಅವ್ವ ಸೆರಗನ್ನು ಮಡಿಲಿಗೆ ಎಳೆದುಕೊಂಡಳು. ಉಟ್ಟ ಸೀರೆಯ ಮೇಲೆ ಬೆರಳಾಡಿಸುತ್ತ, ಒತ್ತೊತ್ತಾದ ನವಿಲುಗಳನ್ನು ದಾಟಿ, ದೂರ ದೂರದವನ್ನು ದಾಟಿ, ಕೊನೆಗೆ ಆ ಬೆಳಿಗ್ಗೆ ನೇಯ್ದ ಸೆರಗಿನ ಸಾಲುಗಳಿಗೆ ಬಂದಳು. ಸುಕ್ಕುಗಟ್ಟಿದ ನಾಲ್ಕು ಬೆರಳನ್ನು ಎರಡು ನವಿಲುಗಳ ನಡುವೆ ಒತ್ತಿ ಇಟ್ಟಳು. ಬೆರಳು ಸರಿಯಾಗಿ ಕೂತವು.

"ಇಷ್ಟು," ಅಂದಳು. "ಇಷ್ಟು ಕಾದಿದ್ರು ನಿಮ್ಮ ದೊಡ್ಡತಾತ."